ಸೆನ್ಸರ್ ಹೇಳಿದ್ದೂ ನಿಜ, ಪ್ಲಗ್ ಹೇಳಿದ್ದೂ ನಿಜ

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಮನೆ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಇಂಜಿನ್ ಲೈಟ್ ಹತ್ತಿಕೊಂಡಿತು. 2017ರ ಕೊನೆಯಲ್ಲಿ ತಗೊಂಡ ಪೆಟ್ರೋಲ್ ಗಾಡಿ. 1.2 ಲೀಟರ್, ನಾಲ್ಕು ಸಿಲಿಂಡರ್, ಬಿಎಸ್-4. ಓಡಿದ್ದು 1,18,000 ಕಿ.ಮೀ. ತೀರ್ಥಹಳ್ಳಿಯಿಂದ ವಾರಕ್ಕೆರಡು ಸಲ ಶಿವಮೊಗ್ಗ, ಆಗಾಗ ಆಗುಂಬೆ ಘಾಟಿ ಇಳಿದು ಉಡುಪಿ ಕಡೆ. ಇಷ್ಟೇ ಇದರ ಓಡಾಟ.

ಲೈಟ್ ಬರುವ ಮೊದಲೇ ಮೈಲೇಜ್ ಇಳಿದಿತ್ತು. ಟ್ಯಾಂಕ್ ಫುಲ್ ಮಾಡಿಸಿ ಫುಲ್‌ಗೆ ಲೆಕ್ಕ ಹಾಕುವ ಅಭ್ಯಾಸ ನನ್ನದು. 16 ಕೊಡುತ್ತಿದ್ದ ಗಾಡಿ 13ಕ್ಕೆ ಬಂದಿತ್ತು. ಗೇಟಿನ ಹತ್ತಿರ ನಿಲ್ಲಿಸಿದರೆ ಹಿಂದಿನಿಂದ ಹಸಿ ಪೆಟ್ರೋಲ್ ವಾಸನೆ.

ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು. ಬಂದ ಕೋಡ್ ಪಿ0171. ಅಂದರೆ ಮಿಶ್ರಣ ಲೀನ್ ಆಗಿದೆ, ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. "ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್, ಹೊಸದು ಹಾಕ್ಸಿಬಿಡಿ" ಅಂದರು. 3,800 ರೂಪಾಯಿ ಕೊಟ್ಟು ಹಾಕಿಸಿದೆ. ಕೋಡ್ ಅಳಿಸಿದರು, ಲೈಟ್ ಹೋಯಿತು. ಹಳೇ ಸೆನ್ಸರನ್ನು ಕೇಳಿ ಇಸಕೊಂಡು ಬಂದೆ. ನಾಲ್ಕನೇ ದಿನ ಲೈಟ್ ಮತ್ತೆ ಹತ್ತಿತು. ಅದೇ ಕೋಡ್.

ಆಮೇಲೆ ನಾನೇ ಕೂತೆ. ಇದನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದಕ್ಕೆ ಕಾರಣ ಇದೆ. ಪಿ0171 ಕಂಡ ಕೂಡಲೇ ಸೆನ್ಸರ್ ಬದಲಾಯಿಸುವುದು ನಮ್ಮ ಕಡೆ ತುಂಬಾ ನಡೆಯುತ್ತಿದೆ. ಆ ಕೋಡ್ ಸೆನ್ಸರ್ ಕೆಟ್ಟಿದೆ ಅಂತ ಹೇಳುವುದೇ ಇಲ್ಲ. ಸೆನ್ಸರ್ ಏನನ್ನು ಕಂಡಿತು ಅಂತ ಹೇಳುತ್ತದೆ, ಅಷ್ಟೇ. ಸೆನ್ಸರಿನದ್ದೇ ತೊಂದರೆಗೆ ಬೇರೆ ಕೋಡ್‌ಗಳಿವೆ. ಗಾಡಿಯಲ್ಲಿ ಇಂಥ ಸೆನ್ಸರ್ ಎರಡಿವೆ, ಇಂಜಿನ್ ಹತ್ತಿರದ ಮುಂದಿನ ಸೆನ್ಸರಿಗೆ ಪಿ0130ರಿಂದ ಪಿ0135ರವರೆಗೆ. 0133 ಅಂದರೆ ನಿಧಾನವಾಗಿ ಪ್ರತಿಕ್ರಿಯೆ ಕೊಡುತ್ತಿದೆ, 0134 ಅಂದರೆ ಅಲುಗಾಡುತ್ತಲೇ ಇಲ್ಲ, 0135 ಅಂದರೆ ಅದರ ಹೀಟರ್ ಸರ್ಕ್ಯೂಟಿನಲ್ಲಿ ತೊಂದರೆ. ಇವು ಬಂದರೂ ಮೊದಲು ವೈರ್ ನೋಡಬೇಕು. ಪಕ್ಕದ ಮನೆ ಮಾವನ ಗಾಡಿಗೆ 0135 ಬಂದಿತ್ತು. ಸೆನ್ಸರ್ ಚೆನ್ನಾಗಿಯೇ ಇತ್ತು. ಕೊಟ್ಟಿಗೆ ಪಕ್ಕ ಗಾಡಿ ನಿಲ್ಲಿಸುತ್ತಿದ್ದರು, ಇಲಿ ಹೀಟರ್ ವೈರ್ ಕಡಿದು ಶಾರ್ಟ್ ಆಗಿ ಫ್ಯೂಸ್ ಹೋಗಿತ್ತು.

ಈ ಸೆನ್ಸರ್ ಕೆಲಸ ಮಾಡುವುದು ಹೇಗೆ ಅಂತ ಸ್ವಲ್ಪ ಹೇಳುತ್ತೇನೆ. ಇದು ಗೊತ್ತಿಲ್ಲದೆ ಮುಂದಿನದ್ದು ಅರ್ಥವಾಗುವುದಿಲ್ಲ. ತುದಿಯಲ್ಲಿ ಬೆರಳಿನಾಕಾರದ ಝಿರ್ಕೋನಿಯಾ ಪಿಂಗಾಣಿ ಇದೆ. ಅದರ ಒಳಗೆ ಹೊರಗಿನ ಗಾಳಿ, ಹೊರಮೈಗೆ ಸೈಲೆನ್ಸರ್ ಕಡೆ ಹೋಗುವ ಹೊಗೆ. ಸುಮಾರು 300 ಡಿಗ್ರಿ ಬಿಸಿಯಾದ ಮೇಲೆ, ಎರಡೂ ಬದಿಯ ಆಮ್ಲಜನಕದಲ್ಲಿ ಎಷ್ಟು ವ್ಯತ್ಯಾಸ ಇದೆಯೋ ಅದಕ್ಕೆ ತಕ್ಕಂತೆ ವೋಲ್ಟೇಜ್ ಹುಟ್ಟುತ್ತದೆ. ಬೇಗ ಬಿಸಿಯಾಗಲಿ ಅಂತಲೇ ಒಳಗೆ ಹೀಟರ್ ಇಟ್ಟಿರುವುದು. ಹೊಗೆಯಲ್ಲಿ ಆಮ್ಲಜನಕ ಉಳಿದಿಲ್ಲ ಅಂದರೆ 0.8, 0.9 ವೋಲ್ಟ್, ಅಂದರೆ ರಿಚ್, ಪೆಟ್ರೋಲ್ ಜಾಸ್ತಿ. ಜಾಸ್ತಿ ಉಳಿದಿದೆ ಅಂದರೆ 0.1 ವೋಲ್ಟ್, ಅಂದರೆ ಲೀನ್. ನಡುವಿನ ಗೆರೆ 0.45. ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ ಅನ್ನುವ ಲೆಕ್ಕದ ಆಚೆ ಈಚೆ ಈ ವೋಲ್ಟೇಜ್ ಜಿಗಿಯುತ್ತಿರುತ್ತದೆ. ಅದನ್ನು ನೋಡಿಕೊಂಡು ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಪೆಟ್ರೋಲ್ ಕೂಡಿಸುತ್ತದೆ, ಕಳೆಯುತ್ತದೆ. 1976ರಲ್ಲಿ ಬಾಷ್ ಕಂಪನಿ ಇದನ್ನು ವೋಲ್ವೋ ಕಾರಿಗೆ ಹಾಕಿ ಮಾರುಕಟ್ಟೆಗೆ ತಂದಿತು. ಮೂಲ ತತ್ವ ಇವತ್ತಿಗೂ ಅದೇ.

ಇಲ್ಲಿ ಒಂದು ಮಾತು ಚೆನ್ನಾಗಿ ನೆನಪಿಡಬೇಕು. ಸೆನ್ಸರಿಗೆ ಪೆಟ್ರೋಲ್ ಕಾಣುವುದಿಲ್ಲ. ಅದಕ್ಕೆ ಕಾಣುವುದು ಆಮ್ಲಜನಕ ಒಂದೇ. ಆ ಆಮ್ಲಜನಕ ಇಂಜಿನ್ ಒಳಗಿಂದ ಬಂತಾ, ಇನ್ನೆಲ್ಲಿಂದಲೋ ನುಗ್ಗಿತಾ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಮೊದಲ ಭಾನುವಾರ ಗಾಡಿಯ ಕಂಪ್ಯೂಟರಿನ ಲೆಕ್ಕವನ್ನು ಫೋನಿಗೆ ಕಳಿಸುವ ನನ್ನ ಇಎಲ್‌ಎಂ327 ಬ್ಲೂಟೂತ್ ಡಾಂಗಲ್ ಸಿಕ್ಕಿಸಿ, ಫೋನಿನಲ್ಲಿ ಟಾರ್ಕ್ ಆ್ಯಪ್ ತೆಗೆದು ಫ್ಯೂಯಲ್ ಟ್ರಿಮ್ ನೋಡಿದೆ. ಟ್ರಿಮ್ ಅಂದರೆ ಇಸಿಯು ತನ್ನ ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಜಾಸ್ತಿ ಅಥವಾ ಕಡಿಮೆ ಹಾಕುತ್ತಿದೆ ಅನ್ನುವ ಶೇಕಡಾ ಲೆಕ್ಕ. ಶಾರ್ಟ್ ಟರ್ಮ್ ಕ್ಷಣಕ್ಷಣದ್ದು, ಲಾಂಗ್ ಟರ್ಮ್ ರೂಢಿಯಾಗಿ ಕೂತದ್ದು. ಎರಡನ್ನೂ ಕೂಡಿದರೆ ಆಚೆ ಈಚೆ 10ರೊಳಗೆ ಇರಬೇಕು.

ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಲಾಂಗ್ +20, ಶಾರ್ಟ್ +8. ಒಟ್ಟು +28! ರೇಸ್ ಮಾಡಿ 2500 ಆರ್‌ಪಿಎಂನಲ್ಲಿ ಹಿಡಿದರೆ ಒಟ್ಟು +9ಕ್ಕೆ ಇಳಿಯಿತು.

ಬಂಕಿನಲ್ಲಿ ಈಗ ಸಿಗುವ ಇ20 ಪೆಟ್ರೋಲಿನಿಂದ ಹೀಗಾಗುತ್ತದಾ ಅಂತ ತಮ್ಮ ಕೇಳಿದ. ಸ್ವಲ್ಪ ಪಾಲು ಇರಬಹುದು. ಎಥನಾಲಿನೊಳಗೇ ಆಮ್ಲಜನಕ ಇರುವುದರಿಂದ ಇ20ಕ್ಕೆ ಬೇಕಾದ ಗಾಳಿ 14.7 ಅಲ್ಲ, 13.5ರ ಹತ್ತಿರ. ಅದಕ್ಕೆ ಟ್ರಿಮ್ ಸ್ವಲ್ಪ ಮೇಲೆ ಹೋಗುತ್ತದೆ. ಆದರೆ ಹೋದರೆ ಎಲ್ಲ ಆರ್‌ಪಿಎಂನಲ್ಲೂ ಒಂದೇ ತರ ಹೋಗಬೇಕು. ಐಡ್ಲಿಂಗಿನಲ್ಲಿ 28, ರೇಸ್ ಮಾಡಿದರೆ 9 ಅಂದರೆ ಪೆಟ್ರೋಲಿನ ಗುಣ ಅಲ್ಲ. ಫ್ಯೂಯಲ್ ಪಂಪ್ ಸೋತಿದ್ದರೆ ಇದರ ಉಲ್ಟಾ ಆಗಬೇಕಿತ್ತು. ಲೋಡ್ ಬಿದ್ದಾಗ ಟ್ರಿಮ್ ಏರಬೇಕಿತ್ತು.

ಐಡ್ಲಿಂಗಿನಲ್ಲಿ ಜಾಸ್ತಿ, ರೇಸಿಗೆ ಕಡಿಮೆ. ಇದು ಇನ್‌ಟೇಕ್ ಕಡೆ, ಅಂದರೆ ಇಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ, ಎಲ್ಲೋ ಏರ್ ಎಳೆಯುತ್ತಿರುವ ಲಕ್ಷಣ ಅಂತ ಯಾರಾದರೂ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡೆ. ಕಾರ್ಬ್ ಕ್ಲೀನರ್ ಡಬ್ಬಿ ತಗೊಂಡು ಥ್ರಾಟಲ್ ಬಾಡಿ ಸುತ್ತ, ಇನ್‌ಟೇಕ್ ಗ್ಯಾಸ್ಕೆಟ್ ಉದ್ದಕ್ಕೆ, ಬ್ರೇಕ್ ಬೂಸ್ಟರ್ ಹೋಸ್, ಇಂಜಿನ್ ಒಳಗಿನ ಆವಿಯನ್ನು ಇನ್‌ಟೇಕಿಗೆ ಒಯ್ಯುವ ಪಿಸಿವಿ ಹೋಸ್, ಎಲ್ಲಾ ಕಡೆ ಒಂದೊಂದು ಚಿಟಿಕೆಯಷ್ಟು ಹೊಡೆದೆ. ಸೋರಿಕೆ ಇದ್ದರೆ ಆ ಜಾಗಕ್ಕೆ ಹೊಡೆದಾಗ ಇಂಜಿನ್ ಶಬ್ದ ಬದಲಾಗಬೇಕು. ಏನೂ ಆಗಲಿಲ್ಲ. (ಇದು ಬೇಗ ಬೆಂಕಿ ಹಿಡಿಯುವ ವಸ್ತು. ಎಕ್ಸಾಸ್ಟ್ ಕಡೆ ಹೊಡೆಯಬೇಡಿ, ಪಕ್ಕದಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಇಟ್ಟುಕೊಳ್ಳಿ.)

ಇನ್ನೊಂದು ವಿಷಯವೂ ಹೊಂದುತ್ತಿರಲಿಲ್ಲ. ನಮ್ಮ ಗಾಡಿಯಲ್ಲಿ ಗಾಳಿ ಅಳೆಯುವುದು ಮ್ಯಾಪ್ ಸೆನ್ಸರ್, ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗಿನ ಒತ್ತಡ ನೋಡಿ ಲೆಕ್ಕ ಹಾಕುವ ಪದ್ಧತಿ. ಇಂಥ ಗಾಡಿಯಲ್ಲಿ ಇನ್‌ಟೇಕ್ ಏರ್ ಎಳೆದರೆ ಆ ಗಾಳಿಯೂ ಲೆಕ್ಕಕ್ಕೆ ಸೇರುತ್ತದೆ. ಲೀನ್ ಆಗುವುದಕ್ಕಿಂತ ಐಡ್ಲಿಂಗ್ ಏರುವುದೇ ಹೆಚ್ಚು. ನಮ್ಮದು 750ರಲ್ಲಿ ಗಟ್ಟಿಯಾಗಿ ನಿಂತಿತ್ತು.

ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡೋಣ ಅನ್ನಿಸಿತು. ನಾಲ್ಕನ್ನೂ ಬಿಚ್ಚಿ ಹಳೇ ಪೇಪರ್ ಮೇಲೆ ಸಾಲಾಗಿ ಇಟ್ಟೆ. ನಾಲ್ಕೂ ಕಪ್ಪು. ಬಚ್ಚಲ ಒಲೆಯ ಹಂಡೆಗೆ ಹಿಡಿದ ಮಸಿಯ ಹಾಗೆ ಒಣ ಮಸಿ, ಬೆರಳು ತಾಗಿಸಿದರೆ ಅಂಟಿಕೊಳ್ಳುತ್ತಿತ್ತು. ಆಯಿಲ್ ಜಿಡ್ಡು ಇರಲಿಲ್ಲ. ಲೀನ್ ಆಗಿರುವ ಇಂಜಿನ್ನಿನ ಪ್ಲಗ್ ಬಿಳಿಚಿಕೊಂಡಿರಬೇಕು. ಇದು ಪೂರ್ತಿ ಉಲ್ಟಾ. ಹಳೇ ಮಸಿ ಇರಬಹುದು ಅಂತ ಪ್ಲಗ್ ಚೆನ್ನಾಗಿ ಕ್ಲೀನ್ ಮಾಡಿ ಹಾಕಿ, ಬಿಸಿ ಇಂಜಿನ್ನನ್ನು 15 ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು ಮತ್ತೆ ಬಿಚ್ಚಿದೆ. ಮತ್ತೆ ಕಪ್ಪು.

ಆ ಪ್ಲಗ್ ಹಿಡಿದುಕೊಂಡು ಅಂಗಳದಲ್ಲಿ ಎಷ್ಟೋ ಹೊತ್ತು ಕೂತಿದ್ದೆ. ಸೆನ್ಸರ್ ಹೇಳುತ್ತದೆ ಪೆಟ್ರೋಲ್ ಸಾಲುತ್ತಿಲ್ಲ ಅಂತ. ಪ್ಲಗ್ ಹೇಳುತ್ತದೆ ಪೆಟ್ರೋಲ್ ಜಾಸ್ತಿಯಾಗಿದೆ ಅಂತ. ನಿಜವಾಗಿ ಇನ್‌ಟೇಕ್ ಏರ್ ಎಳೆಯುತ್ತಿದ್ದರೆ ಇಸಿಯು ಕೂಡಿಸಿದ ಪೆಟ್ರೋಲ್ ಆ ಗಾಳಿಗೆ ಸರಿಹೋಗಿ ಪ್ಲಗ್ ಮಾಮೂಲಿ ಬಣ್ಣದಲ್ಲೇ ಇರಬೇಕಿತ್ತು. ಹಾಗಾದರೆ ಉಳಿದದ್ದು ಎರಡೇ ದಾರಿ. ಒಂದು, ಸೆನ್ಸರ್ ಅಥವಾ ಅದರ ವೈರಿಂಗ್ ತಪ್ಪು ಹೇಳುತ್ತಿದೆ. ಇಲ್ಲ, ಉರಿದು ಮುಗಿದ ಮೇಲೆ, ಸೆನ್ಸರಿಗೆ ಮುಟ್ಟುವ ಮೊದಲು, ಹೊಗೆಗೆ ಹೊರಗಿನ ಗಾಳಿ ಸೇರುತ್ತಿದೆ.

ಮೊದಲ ದಾರಿ ನೋಡುವುದು ಸುಲಭ. ನಮ್ಮದು ನಾಲ್ಕು ವೈರಿನ ಸೆನ್ಸರ್. ಎರಡು ಬಿಳಿ ಹೀಟರಿಗೆ, ಕಪ್ಪು ಸಿಗ್ನಲ್, ಬೂದು ಅದರ ಅರ್ತ್. ಬೇರೆ ಕಂಪನಿಗಳಲ್ಲಿ ಬಣ್ಣ ಬೇರೆ ಇರುತ್ತದೆ, ನೋಡಿಕೊಳ್ಳಿ. ಕನೆಕ್ಟರ್ ಬಿಚ್ಚಿ ಎರಡು ಬಿಳಿ ವೈರ್ ನಡುವೆ ಮೀಟರ್ ಇಟ್ಟರೆ ತಣ್ಣಗಿದ್ದಾಗ 6 ಓಮ್ಸ್. ಹೀಟರ್ ಸರಿ ಇದೆ. ಇಂಜಿನ್ ಸ್ಟಾರ್ಟ್ ಮಾಡಿ ಗಾಡಿ ಕಡೆಯ ಕನೆಕ್ಟರಿನಲ್ಲಿ ನೋಡಿದರೆ ಬ್ಯಾಟರಿ ವೋಲ್ಟೇಜ್ ಬರುತ್ತಿದೆ. ಸಿಗ್ನಲ್ ವೈರಿಗೆ ಮಾತ್ರ ಓಮ್ಸ್ ಇಟ್ಟು ಅಳೆಯಬಾರದು. ಮೀಟರ್ ತನ್ನದೇ ಕರೆಂಟ್ ಕಳಿಸುತ್ತದೆ, ಸೆನ್ಸರಿಗೆ ಒಳ್ಳೆಯದಲ್ಲ.

ಆಮೇಲೆ ಕನೆಕ್ಟರ್ ಹಾಕಿ, ಹಿಂಬದಿಯಿಂದ ಕಪ್ಪು ವೈರಿನ ಪಕ್ಕ ಗುಂಡುಸೂಜಿ ತೂರಿಸಿ, ಡಿಜಿಟಲ್ ಮೀಟರ್ ಸಿಕ್ಕಿಸಿದೆ. ಆಕ್ಸಿಲರೇಟರನ್ನು ಗಬಕ್ಕನೆ ಒತ್ತಿದರೆ 0.86 ವೋಲ್ಟ್. ಬಿಟ್ಟ ಕೂಡಲೇ ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ, ಆಗ 0.05. ಮತ್ತೆ ಐಡ್ಲಿಂಗಿಗೆ ಬಂದು ಆಚೆ ಈಚೆ ಜಿಗಿಯಲು ಶುರು. ಎಂಟು ಹತ್ತು ಸಲ ಮಾಡಿದೆ. ಒಮ್ಮೆಯೂ ತಡ ಮಾಡಲಿಲ್ಲ. ಫೋನಿನಲ್ಲಿ ತೋರಿಸುವುದೂ ಮೀಟರಿನಲ್ಲಿ ತೋರಿಸುವುದೂ ಒಂದೇ. ಅಂದರೆ ವೈರಿಂಗೂ ಸರಿ, ಸೆನ್ಸರೂ ಸರಿ. (ಈ 0.1, 0.9ರ ಲೆಕ್ಕ ಹಳೇ ತರದ ಸೆನ್ಸರಿಗೆ. ಹೊಸ ಗಾಡಿಗಳಲ್ಲಿ ಬರುವ ವೈಡ್‌ಬ್ಯಾಂಡ್ ಸೆನ್ಸರಿಗೆ ಇದು ಹೊಂದುವುದಿಲ್ಲ, ಅದು ಕರೆಂಟ್ ಮೇಲೆ ಕೆಲಸ ಮಾಡುತ್ತದೆ.)

ಎರಡನೇ ದಾರಿ ಅಪ್ಪಯ್ಯನಿಂದ ತೆರೆಯಿತು. ಸಂಜೆ ಕಾಫಿ ಕುಡಿಯುವಾಗ ಇದನ್ನೆಲ್ಲ ಹೇಳುತ್ತಿದ್ದೆ. ಅವರು ಕೇಳಿದರು, "ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಹೊಲಿಗೆ ಮಿಷಿನ್ ತರ ಟಕ ಟಕ ಅಂತದಲ್ಲ, ಅದಕ್ಕೂ ಇದಕ್ಕೂ ಏನಾದ್ರೂ ಉಂಟಾ?" ಆ ಸದ್ದು ನನಗೂ ಗೊತ್ತಿತ್ತು. ಎರಡು ನಿಮಿಷದಲ್ಲಿ ಹೋಗುತ್ತಿತ್ತು. ಟ್ಯಾಪೆಟ್ ಸದ್ದು ಅಂತ ತಿಳಿದು ಬಿಟ್ಟಿದ್ದೆ. ಅಪ್ಪಯ್ಯ ದಿನಾ ಬೆಳಿಗ್ಗೆ ಹೂ ಕೊಯ್ಯುತ್ತಾ ಅದನ್ನು ಕೇಳುತ್ತಿದ್ದರು. "ದೀಪಾವಳಿಗಿಂತ ಮೊದ್ಲಿಂದಾನೂ ಇದೆ" ಅಂದರು.

ತಣ್ಣಗಿದ್ದಾಗ ಟಕ ಟಕ, ಬಿಸಿಯಾದರೆ ಇಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಕೊಳವೆ, ಸೋರುವ ಸದ್ದು ಇದೇ. ಬಿಸಿಗೆ ಕಬ್ಬಿಣ ಹಿಗ್ಗಿ ಸಂದು ಅರ್ಧಂಬರ್ಧ ಮುಚ್ಚಿಕೊಳ್ಳುತ್ತದೆ. ಸೋರಿದರೆ ಹೊಗೆ ಹೊರಗೆ ಹೋಗಬೇಕು, ಗಾಳಿ ಒಳಗೆ ಹೇಗೆ ಬರುತ್ತದೆ ಅನ್ನಬಹುದು. ಎಕ್ಸಾಸ್ಟ್ ಹೊಗೆ ಒಂದೇ ಸಮ ಹರಿಯುವುದಿಲ್ಲ. ಒಂದೊಂದು ಸಿಲಿಂಡರಿನಿಂದ ಒಂದೊಂದು ತಳ್ಳು. ಪ್ರತಿ ತಳ್ಳಿನ ಹಿಂದೆ ಕ್ಷಣಕಾಲ ಒತ್ತಡ ಹೊರಗಿನ ಗಾಳಿಗಿಂತ ಕೆಳಗೆ ಇಳಿಯುತ್ತದೆ. ಆಗ ಸಂದಿನಿಂದ ಗಾಳಿ ಒಳಗೆ ಎಳೆಯುತ್ತದೆ. ಐಡ್ಲಿಂಗಿನಲ್ಲಿ ಹೊಗೆಯೇ ಕಡಿಮೆ, ಹಾಗಾಗಿ ಆ ಚೂರು ಗಾಳಿಯೂ ದೊಡ್ಡ ಪಾಲು. ರೇಸ್ ಮಾಡಿದರೆ ಹೊಗೆ ಜಾಸ್ತಿ, ಗಾಳಿಯ ಪಾಲು ಕಡಿಮೆ. 28 ಮತ್ತು 9ರ ಲೆಕ್ಕ ಇಲ್ಲಿಗೆ ಕೂತಿತು. ಸೆನ್ಸರ್ ಆ ಗಾಳಿಯ ಆಮ್ಲಜನಕ ಕಂಡು ಲೀನ್ ಅಂದಿದೆ. ಅದನ್ನು ನಂಬಿ ಇಸಿಯು ಪೆಟ್ರೋಲ್ ಸುರಿದಿದೆ. ಪ್ಲಗ್ ಕಪ್ಪಾಗಿದೆ. ಯಾರೂ ಸುಳ್ಳು ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಗಾಡಿ ತಣ್ಣಗಿದ್ದಾಗಲೇ ಹೀಟ್ ಶೀಲ್ಡ್ ಬಿಚ್ಚಿದೆ. ವ್ಯಾಕ್ಯೂಮ್ ಕ್ಲೀನರಿನ ಪೈಪನ್ನು ಗಾಳಿ ಊದುವ ಬದಿಗೆ ಹಾಕಿ, ಇನ್ನೊಂದು ತುದಿಯನ್ನು ಸೈಲೆನ್ಸರ್ ಬಾಯಿಗೆ ಇಟ್ಟು, ಸುತ್ತ ಸೈಕಲ್ ಟ್ಯೂಬ್ ಬಿಗಿದೆ. ಇಂಜಿನ್ ಆಫ್. ಊದಲು ಬಿಟ್ಟು, ಮ್ಯಾನಿಫೋಲ್ಡ್ ಹೆಡ್ಡಿಗೆ ಸೇರುವ ಜಾಗಕ್ಕೆಲ್ಲ ಸೋಪಿನ ನೀರು ಸ್ಪ್ರೇ ಮಾಡಿದೆ. ಮೂರು ಪೋರ್ಟಿನ ಹತ್ತಿರ ನೀರು ಸುಮ್ನೆ ಇಳಿದು ಹೋಯಿತು. ನಾಲ್ಕನೆಯದರ ಕೆಳಗಂಚಿನಲ್ಲಿ ಗುಳ್ಳೆ ಎದ್ದವು. ಮೊದಲು ಸಣ್ಣ ಸಣ್ಣದು, ಆಮೇಲೆ ಬೆಂಡೆಬೀಜದಷ್ಟು ದಪ್ಪದ್ದು, ಒಂದರ ಮೇಲೊಂದು. ಟಾರ್ಚ್ ಬಿಟ್ಟು ನೋಡಿದರೆ ಗ್ಯಾಸ್ಕೆಟ್ ಅಂಚಿನಲ್ಲಿ ಬೂದುಗಪ್ಪು ಗೆರೆ, ಹೊಗೆ ಹಾದು ಹಾದು ಮೂಡಿದ್ದು. ಅದರ ಪಕ್ಕದ ಸ್ಟಡ್ಡಿನಲ್ಲಿ (ಮ್ಯಾನಿಫೋಲ್ಡನ್ನು ಹೆಡ್ಡಿಗೆ ಹಿಡಿದಿಡುವ ತಲೆಯಿಲ್ಲದ ಬೋಲ್ಟ್) ನಟ್ಟೇ ಇಲ್ಲ! ಸ್ಟಡ್ ತುಂಡಾಗಿ ಮೂರು ಮಿಲಿಮೀಟರ್ ಮಾತ್ರ ಹೊರಗೆ ಉಳಿದಿತ್ತು. ಹೀಟ್ ಶೀಲ್ಡ್ ಕೆಳಗೆ ಇದ್ದದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಉಳಿದ ನಟ್ಟುಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಟ್ಟೆ. ಮಾರನೇ ದಿನ ಒಂದೊಂದನ್ನೂ ಹಿಂದೆ ಮುಂದೆ ಆಡಿಸುತ್ತಾ ಬಿಚ್ಚಿದೆ. ಇಲ್ಲಿ ಅವಸರ ಮಾಡಿದರೆ ಇನ್ನೊಂದು ಸ್ಟಡ್ ಮುರಿಯುತ್ತದೆ. ಹೊಸ ಸೆನ್ಸರನ್ನು 22ರ ಸ್ಪ್ಯಾನರಿನಲ್ಲಿ ಬಿಚ್ಚಿ ಪಕ್ಕಕ್ಕೆ ಇಟ್ಟೆ. ಮ್ಯಾನಿಫೋಲ್ಡ್ ಕೈಗೆ ಬಂತು.

ಮುರಿದ ಸ್ಟಡ್ ತೆಗೆಯುವುದು ನನ್ನ ಕೈಲಾಗುವ ಕೆಲಸ ಅಲ್ಲ. ವೆಲ್ಡಿಂಗ್ ಶಾಪಿನ ಹುಡುಗನನ್ನು ಮನೆಗೇ ಕರೆಸಿದೆ. ಅವನು ಬರುವ ಮೊದಲು ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿ, ಇಸಿಯು ಕನೆಕ್ಟರನ್ನೂ ತೆಗೆದಿಟ್ಟೆ. ಗಾಡಿ ಮೇಲೆ ವೆಲ್ಡಿಂಗ್ ಮಾಡುವಾಗ ಇದನ್ನು ಮರೆತರೆ ಇಸಿಯು ಸುಟ್ಟುಹೋಗಬಹುದು. ಅವನು ಉಳಿದ ಮೊಂಡು ತುದಿಯ ಮೇಲೆ ಒಂದು ನಟ್ ಕೂರಿಸಿ, ನಟ್ಟಿನ ತೂತಿನೊಳಗೆ ವೆಲ್ಡ್ ತುಂಬಿದ. ಕೆಂಪಗಿದ್ದದ್ದು ಕಪ್ಪಾಗುವವರೆಗೆ ಕಾದ. ಸ್ಪ್ಯಾನರ್ ಹಾಕಿ ಕಾಲಿಂಚು ಬಿಗಿದು, ಅರ್ಧ ಇಂಚು ಸಡಿಲಿಸಿ, ಮತ್ತೆ ಬಿಗಿದು. ಕಿರ್ ಅಂತ ಒಂದು ಸದ್ದು ಬಂತು. "ಬಂತು ಅಣ್ಣ" ಅಂದ. ಪೂರ್ತಿ ಸ್ಟಡ್ ಥ್ರೆಡ್ ಸಮೇತ ಹೊರಗೆ. ಅಲ್ಯುಮಿನಿಯಂ ಹೆಡ್ಡಿನ ಥ್ರೆಡ್ಡಿಗೆ ಒಂದು ಗೀರೂ ಆಗಿರಲಿಲ್ಲ. ಡ್ರಿಲ್ ಹಾಕಿದ್ದರೆ ಹೀಗೆ ಬರುತ್ತಿರಲಿಲ್ಲ. ಅವನ ಕೈ ಅಷ್ಟು ಚೆನ್ನಾಗಿದೆ.

ಮ್ಯಾನಿಫೋಲ್ಡ್ ಮುಖಕ್ಕೆ ಸ್ಟೀಲ್ ಸ್ಕೇಲ್ ಇಟ್ಟು ಫೀಲರ್ ಗೇಜ್ ತೂರಿಸಿದರೆ ನಾಲ್ಕನೇ ಪೋರ್ಟ್ ಹತ್ತಿರ 0.25 ಮಿ.ಮೀ. ಹೋಗುತ್ತಿತ್ತು. ಸೊಟ್ಟಗಾಗಿತ್ತು. ಅದನ್ನು ಹಾಗೇ ಹಾಕಿದರೆ ಹೊಸ ಗ್ಯಾಸ್ಕೆಟ್ಟೂ ಬಾಳುವುದಿಲ್ಲ. ಲೇತ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸಿದೆ. ಸ್ಟಡ್, ನಟ್, ಗ್ಯಾಸ್ಕೆಟ್ ಎಲ್ಲ ಹೊಸದು. ನಡುವಿನಿಂದ ಶುರು ಮಾಡಿ ಎರಡೂ ಕಡೆಗೆ ಸರದಿಯಲ್ಲಿ, ಟಾರ್ಕ್ ರೆಂಚಿನಲ್ಲಿ ಎರಡು ಸುತ್ತು ಬಿಗಿದೆ. ವೆಲ್ಡಿಂಗ್, ಲೇತ್, ಸಾಮಾನು ಎಲ್ಲ ಸೇರಿ 2,150 ರೂಪಾಯಿ.

ಕಟ್ಟುವ ಮೊದಲು ಹಳೇ ಸೆನ್ಸರಿನ ಪರೀಕ್ಷೆ ಮಾಡಿದೆ. ಅದು ಕೆಟ್ಟಿದೆ ಅಂತ ತೆಗೆದದ್ದು ಅಲ್ವಾ, ನಿಜವಾಗಿ ಕೆಟ್ಟಿತ್ತಾ ಅಂತ ತಿಳಿಯಬೇಕಿತ್ತು. ತುದಿ ನೋಡಿದರೆ ತೆಳುವಾಗಿ ಕಪ್ಪು ಮಸಿ, ಅಷ್ಟೇ. ಸಿಲಿಕೋನ್ ಗಮ್ ತಾಗಿದರೆ ಬರುವ ಬಿಳಿ ಪುಡಿ ಇರಲಿಲ್ಲ. ವೈಸಿನಲ್ಲಿ ಹಿಡಿದು, ಕಪ್ಪು ಬೂದು ವೈರುಗಳಿಗೆ ಮೀಟರ್ ಸಿಕ್ಕಿಸಿ, ತುದಿಗೆ ಸಣ್ಣ ಗ್ಯಾಸ್ ಟಾರ್ಚ್ ಹಿಡಿದೆ. ಅರ್ಧ ನಿಮಿಷ ಏನೂ ಇಲ್ಲ. ತುದಿ ಮಂದವಾಗಿ ಕೆಂಪಾಗುತ್ತಿದ್ದ ಹಾಗೆ ಮೀಟರ್ ಏರಿತು: 0.3, 0.6, 0.82. ಬೆಂಕಿ ಸರಿಸಿದ ಕೂಡಲೇ 0.1ರ ಕೆಳಗೆ ಬಿತ್ತು. ಮತ್ತೆ ಹಿಡಿದರೆ ಮತ್ತೆ 0.8. ಏಳು ವರ್ಷ ದುಡಿದ ಸೆನ್ಸರ್ ಇನ್ನೂ ಹೀಗೆ ಕುಣಿಯುತ್ತಿತ್ತು.

ಹಾಗಾಗಿ ಗಾಡಿಗೆ ಹಳೆಯದನ್ನೇ ಹಾಕಿದೆ. ಥ್ರೆಡ್ಡಿಗೆ ಮಾತ್ರ ತೆಳುವಾಗಿ ಆ್ಯಂಟಿ ಸೀಜ್ ಪೇಸ್ಟ್, ತುದಿಗೆ ಒಂದು ಚೂರೂ ತಾಗದ ಹಾಗೆ. ಕೋಡ್ ಅಳಿಸಿದೆ. ಅದರ ಜೊತೆ ಕಲಿತ ಟ್ರಿಮ್ಮೂ ಸೊನ್ನೆಗೆ ಬಂತು. ಶಿವಮೊಗ್ಗಕ್ಕೆ ಹೋಗಿ ಬಂದು ನೋಡಿದೆ. ಐಡ್ಲಿಂಗಿನಲ್ಲಿ ಒಟ್ಟು +3, 2500ರಲ್ಲಿ +2. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಿಂದಿನ ಎರಡನೇ ಸೆನ್ಸರ್ 0.65 ವೋಲ್ಟಿನಲ್ಲಿ ಅಲುಗಾಡದೆ ನಿಂತಿತ್ತು. ಅದನ್ನು ನೋಡಿ ನಿಜಕ್ಕೂ ಸಮಾಧಾನ ಆಯಿತು. ಇಷ್ಟು ತಿಂಗಳು ಹಸಿ ಪೆಟ್ರೋಲ್ ಹಾದುಹೋದರೂ ಕನ್ವರ್ಟರ್ ಉಳಿದಿತ್ತು. ಅದು ಹೋಗಿದ್ದರೆ ಸೆನ್ಸರಿನ ಬೆಲೆಯ ಎಷ್ಟೋ ಪಟ್ಟು ಖರ್ಚಾಗುತ್ತಿತ್ತು. ಎಮಿಷನ್ ಟೆಸ್ಟ್ ಮಾಡಿಸಿದಾಗ ಕಾರ್ಬನ್ ಮೊನಾಕ್ಸೈಡ್ ಶೇಕಡಾ 0.06 ಬಂತು. ಬಿಎಸ್-4 ಪೆಟ್ರೋಲ್ ಗಾಡಿಗೆ ಮಿತಿ 0.3.

ಈಗ 1,900 ಕಿ.ಮೀ. ಓಡಿದೆ. ಮೈಲೇಜ್ 15.8. ಮೊನ್ನೆ ಒಂದು ಪ್ಲಗ್ ಬಿಚ್ಚಿ ನೋಡಿದೆ, ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣಕ್ಕೆ ಬಂದಿದೆ. ಹೊಸ ಸೆನ್ಸರನ್ನು ಅದರ ಡಬ್ಬಿಯಲ್ಲೇ ಹಾಕಿ, ತಾರೀಕು ಬರೆದು ಕಪಾಟಿನಲ್ಲಿ ಇಟ್ಟಿದ್ದೇನೆ. ಹೀಟ್ ಶೀಲ್ಡಿನ ಒಂದು ಬೋಲ್ಟ್ ಇನ್ನೂ ಸಿಕ್ಕಿಲ್ಲ, ಸದ್ಯಕ್ಕೆ ತಂತಿ ಕಟ್ಟಿದ್ದೇನೆ. ಶಿವಮೊಗ್ಗಕ್ಕೆ ಹೋದಾಗ ತರಬೇಕು.